ಇಳಿಯದ ಜ್ವರದ ಹಿಂದೆ ಫಂಗಸ್ ಇರಬಹುದೇ? ರೋಗಿಯ ಮನೆಯವರು ಕೇಳಬೇಕಾದ ಪ್ರಶ್ನೆಗಳು

2021ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮ್ಯೂಕರ್‌ಮೈಕೋಸಿಸ್ ಎಂಬ ‘ಬ್ಲ್ಯಾಕ್ ಫಂಗಸ್’ ಸೋಂಕಿನ ಪ್ರಕರಣಗಳನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಕಡ್ಡಾಯವಾಗಿ ವರದಿ ಮಾಡಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಈ ರೋಗಿಗಳಿಂದಲೇ ತುಂಬಿಹೋಯಿತು. ಇದಕ್ಕೆ ಕೊಡುವ ಆ್ಯಂಫೊಟೆರಿಸಿನ್ ಇಂಜೆಕ್ಷನ್ನಿನ ಒಂದೊಂದು ವಯಲ್‌ಗೂ ಜನ ಊರೂರು ಅಲೆದರು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಈ ಸೋಂಕು ತಗುಲಿದೆ, 4 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆಮೇಲೆ ಕೋವಿಡ್ ಅಲೆ ಇಳಿಯಿತು, ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಸುದ್ದಿಯಿಂದ ಮರೆಯಾಯಿತು. ಆದರೆ ಈ ಸೋಂಕು ಕೋವಿಡ್‌ಗಿಂತ ಬಹಳ ಹಿಂದಿನಿಂದಲೂ ನಮ್ಮ ಸಕ್ಕರೆ ಕಾಯಿಲೆಯವರನ್ನು ಕಾಡುತ್ತಿತ್ತು, ಈಗಲೂ ಕಾಡುತ್ತಿದೆ.

ಫಂಗಸ್ಸಿನ ಬೀಜಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ಹಳೆಯ ಬ್ರೆಡ್ಡಿನ ಮೇಲೆ, ತಿಪ್ಪೆಯಲ್ಲಿ ಎಲ್ಲೆಲ್ಲೂ ಇವೆ. ನಾವೆಲ್ಲ ದಿನವೂ ಅವನ್ನು ಉಸಿರಾಡುತ್ತೇವೆ. ಆರೋಗ್ಯವಂತರ ದೇಹದಲ್ಲಿ ಬಿಳಿ ರಕ್ತಕಣಗಳು ಅವನ್ನು ಅಲ್ಲೇ ಮುಗಿಸಿಬಿಡುತ್ತವೆ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ನೆಲಕಚ್ಚಿದವರಲ್ಲಿ, ಕಿಡ್ನಿ ಅಥವಾ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಲ್ಲಿ, ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಸಕ್ಕರೆ ಹತೋಟಿ ತಪ್ಪಿದವರಲ್ಲಿ, ಚಿಕಿತ್ಸೆ ಸಿಗದ ಎಚ್‌ಐವಿ ಇರುವವರಲ್ಲಿ ಆ ಕಾವಲು ಇರುವುದಿಲ್ಲ. ಐಸಿಯುನಲ್ಲಿ ಬಹುದಿನ ಮಲಗಿದವರು, ದಿನ ತುಂಬದೆ ಹುಟ್ಟಿದ ಪುಟ್ಟ ಶಿಶುಗಳು ಕೂಡ ಇದೇ ಸಾಲಿನವರು. ಇವರಲ್ಲಿ ಫಂಗಸ್ ಚರ್ಮದ ಮೇಲಿನ ಹುಳುಕಡ್ಡಿಯಂತೆ ನಿಲ್ಲದೆ ಒಳಗಿನ ಅಂಗಾಂಶಕ್ಕೆ, ರಕ್ತನಾಳಕ್ಕೆ, ಮಿದುಳಿಗೆ ನುಗ್ಗುತ್ತದೆ.

ಪತ್ತೆ ಹಚ್ಚುವುದೇಕೆ ಕಷ್ಟ? ಪ್ರಯೋಗಾಲಯ ತನ್ನನ್ನು ಕೇಳಿದ್ದನ್ನು ಮಾತ್ರ ಹುಡುಕುತ್ತದೆ. ಜ್ವರ ಬಂದಾಗ ಮಾಮೂಲಾಗಿ ಬರೆಯುವ ಪರೀಕ್ಷೆಗಳು ಬ್ಯಾಕ್ಟೀರಿಯಾವನ್ನು ಹುಡುಕುವಂಥವು, ಕೊಡುವ ಆ್ಯಂಟಿಬಯಾಟಿಕ್ ಕೂಡ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥದ್ದು. ‘ಇದು ಫಂಗಸ್ ಇರಬಹುದೇ’ ಎಂಬ ಅನುಮಾನ ಯಾರಿಗಾದರೂ ಹೊಳೆಯುವವರೆಗೆ ಸರಿಯಾದ ಮಾದರಿ ಸರಿಯಾದ ಜಾಗಕ್ಕೆ ಹೋಗುವುದೇ ಇಲ್ಲ. ಆ ಅನುಮಾನವನ್ನು ಬೇಗ ಬಾಯಿಬಿಟ್ಟು ಹೇಳುವ ಹಕ್ಕು ರೋಗಿಯ ಪಕ್ಕದಲ್ಲಿ ಕುಳಿತವರಿಗೂ ಇದೆ. ಈ ಲೇಖನ ಅವರಿಗಾಗಿ.

ಮುಖದ ಒಂದೇ ಬದಿಯ ನೋವು

ಮೂಗಿನಿಂದ ಶುರುವಾಗಿ ಕಣ್ಣು, ಮಿದುಳಿನತ್ತ ಹಬ್ಬುವ ಮ್ಯೂಕರ್‌ಮೈಕೋಸಿಸ್‌ಗೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಹತೋಟಿ ತಪ್ಪಿದ ಮಧುಮೇಹ. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಬಿಳಿ ರಕ್ತಕಣಗಳ ಚುರುಕು ಕುಂದುತ್ತದೆ. ಕೀಟೋಅಸಿಡೋಸಿಸ್‌ಗೆ ತಿರುಗಿ ರಕ್ತ ಆಮ್ಲೀಯವಾದರೆ ಕಬ್ಬಿಣದ ಅಂಶ ಬಿಡಿಬಿಡಿಯಾಗಿ ಫಂಗಸ್ಸಿನ ಕೈಗೆ ಸಿಗುತ್ತದೆ, ಅದು ಬೆಳೆಯಲು ಬೇಕಾದ ಆಹಾರವೇ ಅದು. ತನಗೆ ಸಕ್ಕರೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದೆ ಈ ಸೋಂಕಿನೊಂದಿಗೆ ಆಸ್ಪತ್ರೆಗೆ ಬರುವವರೂ ಇದ್ದಾರೆ.

ಕಪ್ಪು ಬಣ್ಣ ಕಾಣಲಿ ಎಂದು ಕಾಯುವುದು ದೊಡ್ಡ ಅಪಾಯ. ಮೂಗಿನೊಳಗೆ, ಅಂಗುಳಿನಲ್ಲಿ ಕಾಣುವ ಆ ಕಪ್ಪು, ರಕ್ತನಾಳ ಮುಚ್ಚಿ ಸತ್ತುಹೋದ ಅಂಗಾಂಶದ್ದು. ಅಂದರೆ ಅಷ್ಟರಲ್ಲಿ ಫಂಗಸ್ ಬಹಳ ಮುಂದೆ ಹೋಗಿರುತ್ತದೆ. ಮೊದಲ ಸೂಚನೆಗಳು ಎಷ್ಟೋ ಸಾಧಾರಣವಾಗಿರುತ್ತವೆ: ಕೆನ್ನೆಯ ಒಂದು ಬದಿ ನೋವು ಅಥವಾ ಜೋಮು, ಒಂದೇ ಹೊಳ್ಳೆ ಕಟ್ಟಿಕೊಳ್ಳುವುದು, ರಕ್ತ ಬೆರೆತ ಸಿಂಬಳ, ಬೆಳಿಗ್ಗೆ ಏಳುವಾಗ ಒಂದು ಕಣ್ಣಿನ ಸುತ್ತ ಊತ. ಎರಡೆರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು ಇನ್ನೂ ಮುಂದಿನ ಹಂತ. ಮೇಲ್ದವಡೆಯ ಹಲ್ಲುಗಳು ಕಾರಣವಿಲ್ಲದೆ ಸಡಿಲಗೊಂಡು ಹಲ್ಲಿನ ಡಾಕ್ಟರ ಬಳಿ ಹೋಗುವವರಿದ್ದಾರೆ. ಹಲ್ಲು ಕೀಳಿಸಿದ ಗಾಯ ವಾರವಾದರೂ ಮಾಯದಿದ್ದರೆ, ಮೂಳೆ ಬಿಳಿಚಿಕೊಂಡು ಕಂಡರೆ, ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರಲ್ಲಿ ಮುಖದ ಒಂದು ಬದಿಯ ಜೋಮನ್ನು ‘ನರದ ತೊಂದರೆ’ ಎಂದು ಮಾತ್ರೆ ನುಂಗಿ ಕಳೆಯುವ ಒಂದೊಂದು ದಿನವೂ ದುಬಾರಿ.

ಎಷ್ಟು ದುಬಾರಿ ಎಂಬುದಕ್ಕೆ ಒಂದು ಅಂದಾಜಿದೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಮ್ಯೂಕರ್ ರೋಗಿಗಳ ದಾಖಲೆ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಂಫೊಟೆರಿಸಿನ್ ಚಿಕಿತ್ಸೆ ಆರು ದಿನ ಅಥವಾ ಹೆಚ್ಚು ತಡವಾದವರಲ್ಲಿ ಸಾವಿನ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ತಡವಾದವರಲ್ಲಿ ನೂರಕ್ಕೆ ಸುಮಾರು 83, ಬೇಗ ಸಿಕ್ಕವರಲ್ಲಿ ಸುಮಾರು 49. ವಾರದೊಳಗಿನ ವ್ಯತ್ಯಾಸ ಇಷ್ಟು.

ತಜ್ಞರು ಮೂಗಿನೊಳಗೆ ಎಂಡೋಸ್ಕೋಪ್ ಇಳಿಸಿ ನೋಡುತ್ತಾರೆ. ಬಣ್ಣಗೆಟ್ಟ, ಮುಟ್ಟಿದರೆ ನೋವೇ ತಿಳಿಯದ, ರಕ್ತ ಜಿನುಗದ ಜಾಗದಿಂದ ಸಣ್ಣ ತುಂಡು ತೆಗೆಯುತ್ತಾರೆ. ಹತ್ತಿಯ ಕಡ್ಡಿಯಿಂದ ಮೂಗು ಒರೆಸಿ ಕಳಿಸಿದರೆ ಸಾಲದು. ಆರೋಗ್ಯವಂತರ ಮೂಗಿನಲ್ಲೂ ಬೀಜಕಣಗಳು ಕುಳಿತಿರುತ್ತವೆ, ಆದ್ದರಿಂದ ಕಡ್ಡಿಯಲ್ಲಿ ಫಂಗಸ್ ಸಿಕ್ಕರೆ ಸೋಂಕಿದೆ ಎಂದಾಗದು. ಸಿಗದಿದ್ದರೆ ಸೋಂಕಿಲ್ಲ ಎಂದೂ ಆಗದು. ಜೊತೆಗೆ ಎಂಆರ್‌ಐ ಮಾಡಿಸುವುದು ಕಾಯಿಲೆ ಕಣ್ಣಿನ ಗೂಡಿಗೆ, ಮಿದುಳಿಗೆ ಎಷ್ಟು ಹಬ್ಬಿದೆ ಎಂದು ತಿಳಿಯಲು. ಫಂಗಸ್ಸಿನ ಹೆಸರನ್ನು ಸ್ಕ್ಯಾನ್ ಹೇಳಲಾರದು, ಅದನ್ನು ಹೇಳುವುದು ಆ ತುಂಡು.

ತುಂಡು ಯಾವ ಡಬ್ಬಿಗೆ ಹೋಯಿತು?

ಇಡೀ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಯಾಪ್ಸಿ ತುಂಡನ್ನು ಎರಡು ಡಬ್ಬಿಗಳಲ್ಲಿ ಕಳಿಸಬೇಕು. ಒಂದರಲ್ಲಿ ಫಾರ್ಮಲಿನ್ ಇರುತ್ತದೆ, ಅದು ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅಂಗಾಂಶದೊಳಗೆ, ರಕ್ತನಾಳದೊಳಗೆ ಫಂಗಸ್ ನುಗ್ಗಿದೆಯೇ ಎಂದು ಸ್ಲೈಡಿನಲ್ಲಿ ನೋಡುವವರು ಅವರು. ಇನ್ನೊಂದರಲ್ಲಿ ಬರಿ ಸಲೈನ್ ಇರಬೇಕು, ಅದು ಮೈಕ್ರೊಬಯಾಲಜಿ ವಿಭಾಗಕ್ಕೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಫಂಗಸ್ ಸತ್ತುಹೋಗುತ್ತದೆ. ಆಮೇಲೆ ಎಷ್ಟು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರೂ ಅದನ್ನು ಬೆಳೆಸಿ ಜಾತಿ ಗುರುತಿಸಲು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಲು ಆಗದು.

ನಮ್ಮ ಅನೇಕ ಊರುಗಳಲ್ಲಿ ಮಾದರಿಯ ಡಬ್ಬಿಯನ್ನು ಹೊರಗಿನ ಲ್ಯಾಬಿಗೆ ಹೊತ್ತೊಯ್ಯುವವರು ಮನೆಯವರೇ. ಹಾಗಾಗಿ ಆಪರೇಷನ್ನಿಗೆ ಮುಂಚೆಯೇ ಸಂಕೋಚವಿಲ್ಲದೆ ಕೇಳಿ: “ಡಾಕ್ಟ್ರೇ, ಫಂಗಸ್ ಕಲ್ಚರಿಗೂ ಒಂದು ತುಂಡು ಸಲೈನಿನಲ್ಲಿ ಕಳಿಸ್ತೀರಾ? ಚೀಟಿಯಲ್ಲಿ ಫಂಗಸ್ ಅನುಮಾನ ಅಂತ ಬರೆದುಕೊಡ್ತೀರಾ?” ಚೀಟಿಯಲ್ಲಿನ ಆ ಎರಡು ಪದಗಳಿಂದ ಲ್ಯಾಬಿನಲ್ಲಿ ಕೆಲಸದ ದಾರಿಯೇ ಬದಲಾಗುತ್ತದೆ. ಮ್ಯೂಕರ್ ಜಾತಿಯ ಎಳೆಗಳು ಬಹಳ ನಾಜೂಕು. ಬ್ಯಾಕ್ಟೀರಿಯಾಕ್ಕೆ ಮಾಡುವಂತೆ ತುಂಡನ್ನು ಅರೆದರೆ ಎಳೆಗಳು ನಾಶವಾಗಿ ಏನೂ ಬೆಳೆಯುವುದಿಲ್ಲ. ಫಂಗಸ್ ಎಂದು ಗೊತ್ತಿದ್ದರೆ ಅವರು ಅರೆಯದೆ ಸಣ್ಣಗೆ ಕತ್ತರಿಸಿ ಇಡುತ್ತಾರೆ. ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಒಯ್ಯುವುದೂ ಬೇಡ, ತೆಗೆದ ಕೂಡಲೇ ತಲುಪಿಸಿ.

ಮೈಕ್ರೊಬಯಾಲಜಿಯವರು ಮೊದಲು ಮಾಡುವುದು ಕೆಒಎಚ್ ಪರೀಕ್ಷೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಅಂಗಾಂಶವನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳು ಉಳಿದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಮಾದರಿ ತಲುಪಿದ ಒಂದೆರಡು ಗಂಟೆಯಲ್ಲೇ ಉತ್ತರ ಸಿಗಬಹುದು. ಖರ್ಚೂ ಕಡಿಮೆ. ಎಳೆ ಅಗಲವಾಗಿದ್ದು, ಅಡ್ಡಗೋಡೆಗಳು ತೀರ ಕಡಿಮೆಯಿದ್ದು, ಕವಲುಗಳು ಅಗಲ ಕೋನದಲ್ಲಿ ಒಡೆದಿದ್ದರೆ ಅದು ಮ್ಯೂಕರ್ ಕಡೆಯದು. ಎಳೆ ತೆಳ್ಳಗಿದ್ದು ಅಡ್ಡಗೋಡೆಗಳಿದ್ದು ಸುಮಾರು 45 ಡಿಗ್ರಿಯಲ್ಲಿ ಕವಲೊಡೆದಿದ್ದರೆ ಆ್ಯಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ ಇರಬಹುದು. ಈ ವ್ಯತ್ಯಾಸ ಕೇವಲ ಪುಸ್ತಕದ್ದಲ್ಲ. ಆ್ಯಸ್ಪರ್ಜಿಲಸ್‌ಗೆ ಕೊಡುವ ಮುಖ್ಯ ಔಷಧಿ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ. ‘ಫಂಗಸ್ ಇದೆ’ ಎಂದಷ್ಟೇ ತಿಳಿದರೆ ಸಾಲದು, ಯಾವುದು ಎಂದೂ ತಿಳಿಯಬೇಕು.

ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ ಎಂಬ ವರದಿ ಬಂದರೆ ನಿರಾಳವಾಗಬೇಡಿ. ನಿಜವಾಗಿ ಸೋಂಕಿದ್ದ ಎಷ್ಟೋ ತುಂಡುಗಳಲ್ಲೂ ಮ್ಯೂಕರ್ ಬೆಳೆಯುವುದಿಲ್ಲ. ಸ್ಲೈಡಿನಲ್ಲಿ ಎಳೆ ಕಂಡಿದ್ದರೆ ಅದೇ ಸಾಕ್ಷಿ. ರಕ್ತದಲ್ಲಿ ಬೇರೆ ಫಂಗಸ್‌ಗಳನ್ನು ಹುಡುಕುವ ಗ್ಯಾಲಕ್ಟೋಮ್ಯಾನನ್, ಬೀಟಾ-ಡಿ-ಗ್ಲೂಕನ್ ಪರೀಕ್ಷೆಗಳಲ್ಲಿ ಮ್ಯೂಕರ್ ಸಿಗುವುದಿಲ್ಲ. ಆ ಎರಡೂ ‘ನೆಗೆಟಿವ್’ ಬಂದವು ಎಂದು ಬಯಾಪ್ಸಿಯನ್ನು ಮುಂದೂಡಲು ಒಪ್ಪಬೇಡಿ.

ಬಿಳಿ ರಕ್ತಕಣ ಇಳಿದಾಗಿನ ಜ್ವರ

ರಕ್ತದ ಕ್ಯಾನ್ಸರಿಗೆ ಕೀಮೋ ಪಡೆದವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 500ಕ್ಕಿಂತ ಕೆಳಗಿಳಿದು ಹತ್ತು ದಿನ ದಾಟಿದರೆ ಶ್ವಾಸಕೋಶದ ಆ್ಯಸ್ಪರ್ಜಿಲೋಸಿಸ್ ಭಯ ಶುರುವಾಗುತ್ತದೆ. ಇಲ್ಲಿ ಲಕ್ಷಣಗಳು ಮೋಸ ಮಾಡುತ್ತವೆ. ಕೀವು ಆಗಲು, ಕಫ ಕಟ್ಟಲು ಬಿಳಿ ರಕ್ತಕಣಗಳೇ ಬೇಕು. ಅವೇ ಇಲ್ಲದಾಗ ಜ್ವರವೊಂದೇ ಉಳಿಯುತ್ತದೆ, ಕೆಲವರಲ್ಲಿ ಉಸಿರೆಳೆದಾಗ ಚುಚ್ಚುವ ಎದೆನೋವು, ಒಣಕೆಮ್ಮು, ಕೆಮ್ಮಿನಲ್ಲಿ ರಕ್ತದ ಗೆರೆ. ಎದೆಯ ಎಕ್ಸ್‌ರೇ ಸ್ವಚ್ಛವಾಗಿ ಕಂಡರೂ ನಂಬುವಂತಿಲ್ಲ. ಸರಿಯಾದ ಆ್ಯಂಟಿಬಯಾಟಿಕ್ ಕೊಟ್ಟು ನಾಲ್ಕು ದಿನ ಕಳೆದರೂ ಜ್ವರ ಇಳಿಯದಿದ್ದರೆ ಎದೆಯ ಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಂಟಿನ ಸುತ್ತ ಮಬ್ಬು ವರ್ತುಲ ಕಾಣುವ ಗುರುತು ಮೊದಲ ದಿನಗಳಲ್ಲಿ ಸ್ಪಷ್ಟವಾಗಿರುತ್ತದೆ, ಒಂದು ವಾರದ ಹೊತ್ತಿಗೆ ಬಹಳಷ್ಟು ಮಂದಿಯಲ್ಲಿ ಮಾಯವಾಗುತ್ತದೆ. ‘ಸೋಮವಾರ ಮಾಡಿಸೋಣ’ ಎಂದು ಬಿಟ್ಟರೆ ಆ ಗುರುತೇ ಕೈತಪ್ಪಬಹುದು.

ಗ್ಯಾಲಕ್ಟೋಮ್ಯಾನನ್ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ. ಆ್ಯಸ್ಪರ್ಜಿಲಸ್ ಬೆಳೆಯುವಾಗ ಅದರ ಹೊರಗೋಡೆಯಿಂದ ಬಿಡುಗಡೆಯಾಗುವ ಸಕ್ಕರೆಯಂಥ ವಸ್ತು ಅದು. ರಕ್ತದಲ್ಲಿ ನೋಡಬಹುದು, ಶ್ವಾಸಕೋಶಕ್ಕೆ ಬ್ರಾಂಕೋಸ್ಕೋಪ್ ಇಳಿಸಿ ತೊಳೆದು ತೆಗೆದ ನೀರಿನಲ್ಲಿ ನೋಡಿದರೆ ಸಿಗುವ ಸಾಧ್ಯತೆ ಇನ್ನೂ ಹೆಚ್ಚು. ರೋಗಿ ಆಗಲೇ ಮುನ್ನೆಚ್ಚರಿಕೆಗಾಗಿ ಪೊಸಕೊನಜೋಲ್‌ನಂಥ ಫಂಗಸ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ರಕ್ತದ ಪರೀಕ್ಷೆ ಸುಳ್ಳು ಭರವಸೆ ಕೊಡಬಹುದು. ಅದಕ್ಕೇ ಬೇರೆ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಮುಖ್ಯ.

ಪ್ಲೇಟ್‌ಲೆಟ್ ತೀರ ಕಡಿಮೆ ಇರುವವರಿಗೆ ಶ್ವಾಸಕೋಶದ ಬಯಾಪ್ಸಿ ಮಾಡಲು ಸಾಧ್ಯವಾಗದು. ಆಗ ವೈದ್ಯರು ‘ಪ್ರೂವನ್’ (ಖಚಿತ) ಎನ್ನದೆ ‘ಪ್ರಾಬಬಲ್’ (ಬಹುಮಟ್ಟಿಗೆ), ‘ಪಾಸಿಬಲ್’ (ಇರಬಹುದು) ಎಂದು ಬರೆಯುತ್ತಾರೆ. ಖಚಿತವಿಲ್ಲದೆ ಇಷ್ಟು ದುಬಾರಿ ಔಷಧಿ ಯಾಕೆ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಈ ಮೂರು ಮೆಟ್ಟಿಲುಗಳನ್ನು ಮಾಡಿಕೊಂಡದ್ದು ಮುಖ್ಯವಾಗಿ ಸಂಶೋಧನೆಯ ಅನುಕೂಲಕ್ಕೆ. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರು ಖಚಿತವಾಗುವವರೆಗೆ ಕಾಯುತ್ತ ಕೂತರೆ ರೋಗಿ ಕೈತಪ್ಪುತ್ತಾರೆ. ಇಂಥಲ್ಲಿ ಬೇಗ ಶುರು ಮಾಡುವ ವೈದ್ಯರ ಪರ ನಾನು, ಆದರೆ ಶುರು ಮಾಡುವ ಮುಂಚೆ ತೆಗೆಯಬಹುದಾದ ಮಾದರಿಗಳನ್ನೆಲ್ಲ ತೆಗೆದಿರಬೇಕು.

ಐಸಿಯುನ ಕ್ಯಾಂಡಿಡಾ

ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್, ಡಯಾಲಿಸಿಸ್, ಹೊಟ್ಟೆಯ ಆಪರೇಷನ್, ಎರಡು ಮೂರು ಬಗೆಯ ಆ್ಯಂಟಿಬಯಾಟಿಕ್, ರಕ್ತನಾಳದ ಮೂಲಕವೇ ಆಹಾರ: ಇಷ್ಟು ಕೂಡಿದ ರೋಗಿಗೆ ಮತ್ತೆ ಜ್ವರ ಬಂದರೆ, ಬಿಪಿ ಬಿದ್ದರೆ, ರಕ್ತದಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಸೇರಿದೆಯೇ ಎಂದು ನೋಡಬೇಕಾಗುತ್ತದೆ. ನೋಡುವ ಮುಖ್ಯ ದಾರಿ ಬ್ಲಡ್ ಕಲ್ಚರ್. ಅದು ಹಿಡಿಯುವುದು ಸುಮಾರು ಅರ್ಧದಷ್ಟು ಪ್ರಕರಣಗಳನ್ನು ಮಾತ್ರ, ರಕ್ತ ಕಡಿಮೆ ಹಾಕಿದರೆ ಅದಕ್ಕಿಂತಲೂ ಕಡಿಮೆ. ದೊಡ್ಡವರಿಗೆ ಒಂದೊಂದು ಬಾಟಲಿಗೂ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಬೇರೆ ಬೇರೆ ಜಾಗದಿಂದ ಕನಿಷ್ಠ ಎರಡು ಜೊತೆ ತೆಗೆಯಬೇಕು. ‘ಪದೇಪದೇ ಇಷ್ಟೊಂದು ರಕ್ತ ಎಳೆಯುತ್ತಾರೆ’ ಎಂದು ನರ್ಸ್ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೆನೆಯಿರಿ.

ಕಫದ ವರದಿಯಲ್ಲಿ ಕ್ಯಾಂಡಿಡಾ ಎಂದಿದ್ದರೆ ಬಹುತೇಕ ಗಾಬರಿಪಡಬೇಕಿಲ್ಲ, ಅದು ಬಾಯಿ ಗಂಟಲಿನಲ್ಲಿ ಇದ್ದೇ ಇರುವಂಥದ್ದು. ಕ್ಯಾಥೆಟರ್ ಹಾಕಿದವರ ಮೂತ್ರದಲ್ಲೂ ಹಾಗೇ. ರಕ್ತದಲ್ಲಿ ಒಂದೇ ಒಂದು ಬಾಟಲಿಯಲ್ಲಿ ಬಂದರೂ ಅದನ್ನು ಕಡೆಗಣಿಸುವಂತಿಲ್ಲ. ಆಗ ಲೈನ್ ತೆಗೆಯಲಾಗುತ್ತದೆಯೇ, ರಕ್ತ ಶುದ್ಧವಾಗುವವರೆಗೆ ಮತ್ತೆ ಮತ್ತೆ ಕಲ್ಚರ್ ಮಾಡುತ್ತಾರೆಯೇ, ಕಣ್ಣಿನ ಪಾಪೆ ಹಿಗ್ಗಿಸಿ ಒಳಪರದೆ ನೋಡಿದ್ದಾರೆಯೇ ಎಂದು ಕೇಳಿ. ಕ್ಯಾಂಡಿಡಾ ರಕ್ತದ ಮೂಲಕ ಕಣ್ಣಿಗೆ ಹೋಗಿ ಕೂರುತ್ತದೆ, ಪ್ರಜ್ಞೆಯಿಲ್ಲದ ರೋಗಿ ದೃಷ್ಟಿ ಮಂದವಾಯಿತೆಂದು ಹೇಳಲಾರರು.

ಜಾತಿಯ ಹೆಸರೂ ವರದಿಯಲ್ಲಿರಬೇಕು. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ನಮ್ಮ ದೇಶದ ಐಸಿಯುಗಳಿಗೂ ಬಂದು ವರ್ಷಗಳಾದವು. ಫ್ಲುಕೊನಜೋಲ್ ಔಷಧಿಗೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಹಳೆಯ ಬಗೆಯ ಯಂತ್ರಗಳು ಅದನ್ನು ಬೇರೆ ಜಾತಿಯೆಂದು ತಪ್ಪಾಗಿ ಓದಿದ್ದುಂಟು, ಮಾಲ್ಡಿ-ಟಾಫ್ ಎಂಬ ಯಂತ್ರ ಸರಿಯಾಗಿ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಅಪಾಯಕಾರಿ ಫಂಗಸ್‌ಗಳ ಪಟ್ಟಿಯಲ್ಲಿ ಇದು ಅತಿ ಗಂಭೀರದ ಸಾಲಿನಲ್ಲಿದೆ. ಮಂಚದ ಕಂಬಿ, ಕೈಗಳ ಮೂಲಕ ಹಾಸಿಗೆಯಿಂದ ಹಾಸಿಗೆಗೆ ಹರಡುತ್ತದೆ, ಆದ್ದರಿಂದ ರೋಗಿಯನ್ನು ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ ಕೈ ತೊಳೆಯುವುದು ಮನೆಯವರದೂ ಕೆಲಸ.

ವಾರಗಳ ತಲೆನೋವು, ಬೆನ್ನಿನ ಸೂಜಿ

ಎಚ್‌ಐವಿ ಇರುವವರಿಗೆ, ಕೆಲವೊಮ್ಮೆ ಕಿಡ್ನಿ ಕಸಿಯಾದವರಿಗೆ, ಎರಡು ಮೂರು ವಾರ ಏರುತ್ತಲೇ ಹೋಗುವ ತಲೆನೋವು, ವಾಂತಿ, ಸಣ್ಣ ಜ್ವರ, ಮಾತಿನಲ್ಲಿ ಗೊಂದಲ ಬಂದರೆ ಕ್ರಿಪ್ಟೊಕಾಕಸ್ ಎಂಬ ಫಂಗಸ್ಸನ್ನು ನೆನೆಯಬೇಕು. ಕುತ್ತಿಗೆ ಬಿಗಿಯದೆಯೂ ಇರಬಹುದು. ಟಿಬಿ ಮೆನಿಂಜೈಟಿಸ್‌ಗೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಹೀಗಾಗಿ ಟಿಬಿ ಮಾತ್ರೆ ಶುರುವಾಗಿ ರೋಗಿಯ ಸ್ಥಿತಿ ಇನ್ನಷ್ಟು ಹದಗೆಡುವುದುಂಟು.

ಸಮಾಧಾನದ ಸಂಗತಿಯೆಂದರೆ ಇಲ್ಲಿ ಒಳ್ಳೆಯ ಪರೀಕ್ಷೆ ಇದೆ. ಕ್ರಿಪ್ಟೊಕಾಕಲ್ ಆ್ಯಂಟಿಜೆನ್ ಪಟ್ಟಿಯನ್ನು ರಕ್ತದ ಸೀರಮ್‌ನಲ್ಲಿ ಅಥವಾ ಬೆನ್ನುಹುರಿಯ ದ್ರವದಲ್ಲಿ ಅದ್ದಿದರೆ ಹತ್ತೇ ನಿಮಿಷದಲ್ಲಿ ಗೆರೆ ಮೂಡುತ್ತದೆ, ದೊಡ್ಡ ಲ್ಯಾಬ್ ಬೇಕಿಲ್ಲ. ತಲೆನೋವು ಶುರುವಾಗುವ ವಾರಗಳ ಮೊದಲೇ ಆ್ಯಂಟಿಜೆನ್ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಎಚ್‌ಐವಿ ಇದ್ದು, ಸಿಡಿ4 ಎಂಬ ಬಿಳಿ ರಕ್ತಕಣದ ಎಣಿಕೆ 100ಕ್ಕಿಂತ ಕಡಿಮೆ ಇರುವ ಎಲ್ಲರಿಗೂ ಲಕ್ಷಣವಿಲ್ಲದಿದ್ದರೂ ಈ ಪರೀಕ್ಷೆ ಮಾಡಬೇಕು, 200ರವರೆಗೂ ಮಾಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗುವವರು ತಮ್ಮ ಸಿಡಿ4 ಎಷ್ಟು, ಈ ಪರೀಕ್ಷೆ ಆಗಿದೆಯೇ ಎಂದು ಅಲ್ಲಿನ ಕೌನ್ಸೆಲರನ್ನು ಕೇಳಲಿ.

ರಕ್ತದಲ್ಲಿ ಆ್ಯಂಟಿಜೆನ್ ಸಿಕ್ಕಿದರೆ ಬೆನ್ನಿನಿಂದ ನೀರು ತೆಗೆದು ನೋಡಲೇಬೇಕು. ಮನೆಯವರು ಹೆಚ್ಚಾಗಿ ಬೇಡವೆನ್ನುವುದು ಇದಕ್ಕೇ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ ಹಳ್ಳಿಯಲ್ಲೂ ಪೇಟೆಯಲ್ಲೂ ಒಂದೇ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಮೂಳೆಯ ನಡುವೆ. ಅಲ್ಲಿ ಹುರಿ ಇಲ್ಲ, ದ್ರವದಲ್ಲಿ ತೇಲುವ ನರದ ಎಳೆಗಳಷ್ಟೇ ಇರುತ್ತವೆ. ಒಂದೆರಡು ದಿನ ತಲೆನೋವು, ಸೊಂಟನೋವು ಬರಬಹುದು. ಕ್ರಿಪ್ಟೊಕಾಕಸ್‌ನಲ್ಲಂತೂ ಈ ಸೂಜಿಯೇ ಚಿಕಿತ್ಸೆಯ ಭಾಗ. ತಲೆಬುರುಡೆಯೊಳಗಿನ ಒತ್ತಡ ಏರಿ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ದ್ರವದ ಒತ್ತಡ 25 ಸೆಂಟಿಮೀಟರ್ ಮೀರಿದ್ದರೆ ನೀರು ತೆಗೆದು ಇಳಿಸಬೇಕು, ಬೇಕಾದರೆ ದಿನವೂ. ಒತ್ತಡ ಅಳೆದರೇ, ಎಷ್ಟಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಫೈಲಿನಲ್ಲಿ ಏನಿರಬೇಕು

ಜಿಲ್ಲಾ ಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ಹೋಗುವಾಗ ಬರಿ ಡಿಸ್ಚಾರ್ಜ್ ಚೀಟಿ ಹಿಡಿದು ಹೋಗಬೇಡಿ. ಸ್ಟೀರಾಯ್ಡ್ ಯಾವಾಗಿನಿಂದ, ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಬೇಕು. ಕೀಲುನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿಯನ್ನೋ ಮಾತ್ರೆಯನ್ನೋ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ, ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಸಕ್ಕರೆಯ ಅಳತೆಗಳು, ಎಚ್‌ಬಿಎ1ಸಿ, ಕ್ರಿಯಾಟಿನಿನ್ ವರದಿ ಇರಲಿ. ಸ್ಕ್ಯಾನಿನ ಫಿಲ್ಮ್ ಮಾತ್ರವಲ್ಲ, ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಬಯಾಪ್ಸಿ ಆಗಿದ್ದರೆ ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ ಜೊತೆಗಿರಲಿ. ಆ ಮೇಣದ ತುಂಡಿನಿಂದ ಬೇರೆ ಪೆಥಾಲಜಿಸ್ಟ್ ಮತ್ತೆ ಪದರ ಕತ್ತರಿಸಿ ನೋಡಬಲ್ಲರು, ರೋಗಿಗೆ ಮತ್ತೊಮ್ಮೆ ಸೂಜಿ ಚುಚ್ಚುವುದು ತಪ್ಪಬಹುದು. ಜಾತಿ ಗುರುತಿಸುವುದು ಸ್ಥಳೀಯವಾಗಿ ಆಗದಿದ್ದರೆ ಬೆಳೆದ ಫಂಗಸ್ಸನ್ನು ದೊಡ್ಡ ಕೇಂದ್ರಕ್ಕೆ ಕಳಿಸುವ ದಾರಿಯಿದೆ. ಚಂಡೀಗಢದ ಪಿಜಿಐನಲ್ಲಿ ರೋಗಕಾರಕ ಫಂಗಸ್‌ಗಳ ರಾಷ್ಟ್ರೀಯ ಸಂಗ್ರಹವೇ ಇದೆ. ಖರ್ಚಿನ ಬಗ್ಗೆ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಮೊದಲ ದಿನವೇ ವಿಚಾರಿಸಿ.

ಆ್ಯಂಫೊಟೆರಿಸಿನ್ ನಡೆಯುವಾಗ ಕಿಡ್ನಿ, ಪೊಟ್ಯಾಶಿಯಂ, ಮೆಗ್ನೀಷಿಯಂ ಪದೇಪದೇ ನೋಡಬೇಕು. ವೊರಿಕೊನಜೋಲ್ ಆದರೆ ರಕ್ತದಲ್ಲಿ ಔಷಧಿಯ ಮಟ್ಟ ನೋಡುವುದು ಒಳ್ಳೆಯದು, ಒಬ್ಬೊಬ್ಬರ ದೇಹ ಅದನ್ನು ಒಂದೊಂದು ವೇಗದಲ್ಲಿ ಕರಗಿಸುತ್ತದೆ.

ಮನೆಗೆ ಬಂದ ಮೇಲೂ ಫಂಗಸ್ಸಿನ ಹೆಸರಿರುವ ವರದಿಯನ್ನು ಬೇರೆಯಾಗಿ ತೆಗೆದಿಡಿ. ರಕ್ತದ ಕ್ಯಾನ್ಸರ್ ರೋಗಿಗೆ ಮುಂದಿನ ಕೀಮೋ ಕೊಡುವಾಗ ಅದೇ ಸೋಂಕು ಮರುಕಳಿಸಬಹುದು. ಯಾವ ಜಾತಿ ಎಂದು ಗೊತ್ತಿದ್ದರೆ ಬಿಳಿ ರಕ್ತಕಣ ಇಳಿಯುವ ಮುಂಚೆಯೇ ತಕ್ಕ ಔಷಧಿ ಶುರು ಮಾಡಬಹುದು. ಮೂಗಿನ ಆಪರೇಷನ್ ಆದವರು ನೋವಿಲ್ಲವೆಂದು ಎಂಡೋಸ್ಕೋಪಿಯ ಮುಂದಿನ ತಾರೀಖುಗಳನ್ನು ತಪ್ಪಿಸಬಾರದು. ಕಣ್ಣಿನ ಸುತ್ತ ಮತ್ತೆ ಊತ ಬಂದರೆ, ಕೆನ್ನೆ ಮತ್ತೆ ಜೋಮು ಹಿಡಿದರೆ, ತಾರೀಖಿಗೆ ಕಾಯದೆ ಆ ದಿನವೇ ಹೊರಡಬೇಕು, ಫೈಲನ್ನು ಕೈಯಲ್ಲಿ ಹಿಡಿದು.